ಮಗಳು ಮಲಗಿದ ಮೇಲೆ ಅಮ್ಮ ತಿರುವುವ ಪುಟಗಳು

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಕಳೆದ ಹುಟ್ಟುಹಬ್ಬಕ್ಕೆ ಅವಳಿಗೆ ಒಂದು ಚಿತ್ರಪುಸ್ತಕ ಕೊಟ್ಟೆ. ಕರಡಿಯೊಂದು ಲಾಂದ್ರ ಹಿಡಿದು ರಾತ್ರಿಯೆಲ್ಲ ಹಿಮದ ಕಾಡಿನಲ್ಲಿ ನಡೆಯುತ್ತದೆ, ಅಷ್ಟೇ ಕಥೆ. ನೂರು ಸಲವಾದರೂ ಓದಿರಬೇಕು. ಮೊನ್ನೆ ಅವಳು, "ಅಮ್ಮಾ, ಕರಡಿ ಹಿಂದೆ ಒಂದು ಇಲಿ ಬೀಗದ ಕೈ ಹಿಡ್ಕೊಂಡು ಬರ್ತಾನೇ ಇದೆ, ನೀನು ನೋಡೇ ಇಲ್ವಾ?" ಅಂದಳು. ನಿಜವಾಗಿಯೂ ನೋಡಿರಲಿಲ್ಲ! ಅಂದಿನಿಂದ ಅವಳು ಮಲಗಿದ ಮೇಲೆ ನಾನೊಬ್ಬಳೇ ಆ ಪುಸ್ತಕ ತೆಗೆದು ಕೂರುತ್ತೇನೆ. ಮನೆಯವರಿಗೆ ತಮಾಷೆ. ಬಾಲ್ಯದ ನೆನಪು ಅನ್ನೋಣ ಅಂದರೆ ನನ್ನ ಬಾಲ್ಯದಲ್ಲಿ ಇಂಥ ಪುಸ್ತಕ ಒಂದೂ ಇರಲಿಲ್ಲ. ಅತ್ತೆಯವರು, "ಓದೋಕೆ ಬಂತಲ್ಲ, ಇನ್ನು ಅಕ್ಷರ ಇರೋ ಪುಸ್ತಕ ಕೊಡು" ಎನ್ನುತ್ತಾರೆ. ಈ ಪುಸ್ತಕಗಳ ಮೋಡಿ ಯಾಕೆ ಕಡಿಮೆಯಾಗುವುದಿಲ್ಲ? ಅವಳಿಗೆ ಇವನ್ನು ಇನ್ನೂ ಎಷ್ಟು ದಿನ ಕೊಡಬಹುದು?

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ನಿಮ್ಮ ಮಗಳೇ ಕೊಟ್ಟುಬಿಟ್ಟಿದ್ದಾಳೆ. ನೂರು ಸಲ ಓದಿದರೂ ಆ ಇಲಿ ನಿಮಗೆ ಕಾಣಲಿಲ್ಲ. ಯಾಕೆಂದರೆ ನೀವು ಓದುತ್ತಿದ್ದಿರಿ, ಅವಳು ನೋಡುತ್ತಿದ್ದಳು.

ಆ ಹೊತ್ತನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮಗು ನಿಮಗೆ ಒರಗಿ ಕೂತಿದೆ. ಪುಸ್ತಕ ಇಬ್ಬರ ಮಡಿಲಲ್ಲಿ ಹರಡಿದೆ. ನಿಮ್ಮ ಕಣ್ಣು ಪುಟದ ಕೆಳಗಿನ ಎರಡು ಸಾಲುಗಳ ಮೇಲಿದೆ. ಸಾಲು ಮುಗಿಯುವ ಮೊದಲೇ ಬೆರಳು ಪುಟದ ಮೂಲೆಗೆ ಹೋಗಿರುತ್ತದೆ. ಮಗುವಿಗೆ ಆ ಅಕ್ಷರಗಳ ಗೊಡವೆಯೇ ಇಲ್ಲ. ಕಥೆ ತಾನಾಗಿ ಕಿವಿಗೆ ಬರುತ್ತಿದೆ, ಕಣ್ಣಿಗೆ ಬೇರೆ ಕೆಲಸವಿಲ್ಲ. ಹಾಗಾಗಿ ಅದು ಚಿತ್ರದೊಳಗೆ ಸುತ್ತಾಡಲು ಹೊರಡುತ್ತದೆ. 2005ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಇದನ್ನೇ ಉಪಕರಣ ಇಟ್ಟು ಅಳೆದರು. ಓದಲು ಬಾರದ ಪುಟ್ಟ ಮಕ್ಕಳಿಗೆ ದೊಡ್ಡವರು ಕಥೆ ಓದಿ ಹೇಳುವಾಗ ಮಕ್ಕಳ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಅಕ್ಷರಗಳ ಮೇಲೆ ನಿಂತಿದ್ದು ತೀರಾ ಕಡಿಮೆ. ಹೆಚ್ಚುಕಮ್ಮಿ ಇಡೀ ಹೊತ್ತು ಕಣ್ಣು ಚಿತ್ರದ ಮೇಲೆಯೇ ಇತ್ತು.

ಬೇರೆ ಎಲ್ಲ ಪುಸ್ತಕಗಳಲ್ಲಿ ಓದಲು ಬಂದವರದ್ದೇ ಮೇಲುಗೈ. ಇಲ್ಲಿ ಮಾತ್ರ ಓದಲು ಬಾರದವರಿಗೆ ಜಾಸ್ತಿ ಕಾಣುತ್ತದೆ. ನಾನು ಚಿತ್ರಪುಸ್ತಕಗಳ ಸಂಪಾದಕಿಯಾಗಿ ಬಹಳ ವರ್ಷ ಕೆಲಸ ಮಾಡಿದವಳು. ಅಚ್ಚಿಗೆ ಹೋಗುವ ಮೊದಲು ಹತ್ತು ಜನ ದೊಡ್ಡವರು ನೋಡಿದ ಪುಟದಲ್ಲಿ, "ಈ ಹುಡುಗನ ಚಪ್ಪಲಿ ಎಲ್ಲಿ ಹೋಯ್ತು? ಹಿಂದಿನ ಪುಟದಲ್ಲಿ ಇತ್ತಲ್ಲ" ಎಂದು ಕೇಳಿದ್ದು ಐದು ವರ್ಷದ ಒಂದು ಮಗು. ನಮ್ಮ ತಪ್ಪು ಹಿಡಿಯಲು ಅದಕ್ಕೆ ಎರಡು ನಿಮಿಷ ಸಾಕಾಯಿತು.

ಹಾಗಾಗಿ ನೀವು ರಾತ್ರಿ ಒಬ್ಬರೇ ಆ ಪುಸ್ತಕ ತೆಗೆದು ಕೂರುವುದರಲ್ಲಿ ತಮಾಷೆಯದೇನೂ ನನಗೆ ಕಾಣುತ್ತಿಲ್ಲ. ಗಟ್ಟಿಯಾಗಿ ಓದುವ ಕೆಲಸ ಮುಗಿದ ಮೇಲೆ ನಿಮಗೆ ಮೊದಲ ಸಲ ನೋಡಲು ಬಿಡುವು ಸಿಕ್ಕಿದೆ. ಬಾಲ್ಯದ ನೆನಪು ಎಂಬ ಕಾರಣ ನಿಮ್ಮ ವಿಷಯದಲ್ಲಿ ನಿಲ್ಲುವುದಿಲ್ಲ ಎಂದು ನೀವೇ ಹೇಳಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಇಷ್ಟವಾದ ಸಾಲೇ ಅದು. ಈ ಪುಸ್ತಕಗಳ ಬಗ್ಗೆ ಮಾತೆತ್ತಿದರೆ ಸಾಕು, ದೊಡ್ಡವರು ಕಣ್ಣು ಒದ್ದೆ ಮಾಡಿಕೊಂಡು ತಮ್ಮ ಹಳೆಯ ದಿನಗಳಿಗೆ ಹೋಗಿಬಿಡುತ್ತಾರೆ. ಆಮೇಲೆ ಪುಸ್ತಕದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆದರೆ ಮೋಡಿ ಇರುವುದು ಪುಸ್ತಕವನ್ನು ಕಟ್ಟಿದ ರೀತಿಯಲ್ಲಿ. ಅದು ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಇಲಿಯನ್ನೇ ತೆಗೆದುಕೊಳ್ಳಿ. ಕಥೆಯ ಮಾತಿನಲ್ಲಿ ಅದು ಎಲ್ಲೂ ಇಲ್ಲ, ಅಲ್ವಾ? ಇದ್ದಿದ್ದರೆ ನೀವೇ ಓದಿ ಹೇಳಿರುತ್ತಿದ್ದಿರಿ. ಒಳ್ಳೆಯ ಚಿತ್ರಪುಸ್ತಕದಲ್ಲಿ ಮಾತು ಒಂದು ದಾರಿ ಹಿಡಿಯುತ್ತದೆ, ಚಿತ್ರ ಪಕ್ಕದ ಇನ್ನೊಂದು ದಾರಿ ಹಿಡಿಯುತ್ತದೆ. ಎರಡರ ನಡುವೆ ಒಂದಷ್ಟು ಜಾಗ ಖಾಲಿ ಉಳಿಯುತ್ತದೆ. ಆ ಜಾಗಕ್ಕೆ ಇಳಿಯುವುದು ನೋಡುವವರು.

ಇದರ ಅತಿ ಸರಳ ಉದಾಹರಣೆ 1968ರಲ್ಲಿ ಬಂದ ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್'. ಇಂಗ್ಲಿಷ್‌ನಲ್ಲಿ ಒಟ್ಟು 32 ಪದ, ಅದೂ ಒಂದೇ ವಾಕ್ಯ. ಕೋಳಿಯೊಂದು ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಮೆದೆ ಹತ್ತಿ ಇಳಿದು, ಹೀಗೆ ಒಂದು ಸುತ್ತು ಹೋಗಿ ಊಟದ ಹೊತ್ತಿಗೆ ಮನೆ ಸೇರುತ್ತದೆ. ಮಾತಿನಲ್ಲಿ ಇರುವುದು ಇಷ್ಟೇ. ಆದರೆ ಚಿತ್ರದಲ್ಲಿ ಮೊದಲಿನಿಂದಲೂ ಕೋಳಿಯ ಹಿಂದೆ ಒಂದು ನರಿ ಇದೆ. ಅದು ಹಾರುತ್ತದೆ, ಕೊಳಕ್ಕೆ ಬೀಳುತ್ತದೆ. ಮತ್ತೆ ಹಾರುತ್ತದೆ, ಮೆದೆಯೊಳಗೆ ಹೂತುಹೋಗುತ್ತದೆ. ಕೊನೆಗೆ ಜೇನುಹುಳುಗಳು ಅಟ್ಟಿಸಿಕೊಂಡು ಹೋಗುತ್ತವೆ. 'ನರಿ' ಎಂಬ ಪದ ಇಡೀ ಪುಸ್ತಕದ ವಾಕ್ಯದಲ್ಲಿ ಒಂದು ಸಲವೂ ಬರುವುದಿಲ್ಲ. ಕೋಳಿಯಂತೂ ಒಮ್ಮೆಯೂ ಹಿಂದೆ ತಿರುಗುವುದಿಲ್ಲ.

ನಾನು ಇದನ್ನು ಮಕ್ಕಳಿಗೆ ಓದುವಾಗ ಬೇಕೆಂದೇ ಏನೂ ಗೊತ್ತಿಲ್ಲದ ದನಿಯಲ್ಲಿ ಓದುತ್ತೇನೆ. ಮೊದಲ ಎರಡು ಪುಟ ಮಕ್ಕಳು ಸುಮ್ಮನಿರುತ್ತಾರೆ. ಆಮೇಲೆ ಒಂದು ಮಗು, "ನರಿ!" ಎಂದು ಪಿಸುಗುಡುತ್ತದೆ. ನಾನು ಕೇಳಿಸಿಕೊಳ್ಳುವುದಿಲ್ಲ. ಐದನೇ ಪುಟದ ಹೊತ್ತಿಗೆ ಇಡೀ ಗುಂಪು ಎದ್ದು ನಿಂತು ಕೂಗುತ್ತಿರುತ್ತದೆ. ಅರ್ಧ ಖುಷಿ, ಅರ್ಧ ಸಿಟ್ಟು. ಈ ದೊಡ್ಡವಳಿಗೆ ಕಣ್ಣೇ ಇಲ್ವಾ ಎಂಬ ಸಿಟ್ಟು. ಮಾತಿನಲ್ಲಿ ನರಿಯನ್ನು ಹೆಸರಿಸಿದ್ದರೆ ಈ ಗಲಾಟೆ ಆಗುತ್ತಲೇ ಇರಲಿಲ್ಲ.

ಈ ಕಲೆ ಹಳೆಯದು. 1870ರ ದಶಕದ ಕೊನೆಯಲ್ಲಿ ಲಂಡನ್ನಿನ ಮುದ್ರಕ ಎಡ್ಮಂಡ್ ಇವಾನ್ಸ್ ಒಂದೊಂದು ಬಣ್ಣಕ್ಕೂ ಒಂದೊಂದು ಮರದ ಅಚ್ಚು ಕೆತ್ತಿಸಿ ಮಕ್ಕಳ ಪುಸ್ತಕ ಮುದ್ರಿಸುತ್ತಿದ್ದ. ಅವನಿಗಾಗಿ 1878ರಿಂದ ರಾಂಡಾಲ್ಫ್ ಕಾಲ್ಡೆಕಾಟ್ ಎಂಬ ಕಲಾವಿದ ಚಿತ್ರ ಬರೆಯಲು ಶುರುಮಾಡಿದ. ಶಿಶುಗೀತೆಯ ಒಂದು ಸಾಲು ತೆಗೆದುಕೊಂಡು, ಆ ಸಾಲಿನಲ್ಲಿ ಇಲ್ಲದ ಒಂದು ಇಡೀ ಸಂಸಾರವನ್ನೇ ಚಿತ್ರದಲ್ಲಿ ಹೂಡುತ್ತಿದ್ದ. ಒಂದು ಗೀತೆಯ ಕೊನೆಗೆ ತಟ್ಟೆ ಚಮಚದ ಜೊತೆ ಓಡಿಹೋಗುತ್ತದೆ. ಗೀತೆ ಅಲ್ಲಿಗೆ ಮುಗಿಯಿತು, ಎಲ್ಲರೂ ನಗುತ್ತಾರೆ. ಕಾಲ್ಡೆಕಾಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಮಾತೇ ಇಲ್ಲದ ಕೊನೆಯ ಚಿತ್ರದಲ್ಲಿ ತಟ್ಟೆ ಒಡೆದು ಚೂರಾಗಿ ಬಿದ್ದಿದೆ. ಚಮಚವನ್ನು ಚಾಕು ಮತ್ತು ಫೋರ್ಕು ನಡುವೆ ಹಿಡಿದು ಕರೆದುಕೊಂಡು ಹೋಗುತ್ತಿವೆ. ಅಪ್ಪ, ಅಮ್ಮ ಇರಬೇಕು! ಒಂದು ಪುಟ್ಟ ಗೀತೆಯ ಬಾಲಕ್ಕೆ ಒಂದು ದುರಂತ ಕಥೆ ಅಂಟಿಕೊಂಡಿತು. ಅಮೆರಿಕದಲ್ಲಿ ಚಿತ್ರಪುಸ್ತಕಕ್ಕೆ ಕೊಡುವ ದೊಡ್ಡ ಪ್ರಶಸ್ತಿ 1938ರಿಂದ ಇವನ ಹೆಸರಿನಲ್ಲೇ ಇದೆ. ಇವನು ಇಂಗ್ಲೆಂಡಿನವನು ಎಂಬುದು ಬೇರೆ ಮಾತು.

ಖಾಲಿ ಜಾಗವನ್ನು ಇನ್ನೂ ದೊಡ್ಡದು ಮಾಡಿದವರು ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್. ಹ್ಯಾರಿಸ್ ಬರ್ಡಿಕ್ ಎಂಬ ಕಾಲ್ಪನಿಕ ಚಿತ್ರಕಾರನ ಹೆಸರಿನಲ್ಲಿ 1984ರಲ್ಲಿ ಅವರು ಮಾಡಿದ ಪುಸ್ತಕದಲ್ಲಿ ಇರುವುದು 14 ಕಪ್ಪುಬಿಳುಪು ಚಿತ್ರ. ಒಂದೊಂದು ಚಿತ್ರಕ್ಕೂ ಒಂದು ತಲೆಬರಹ, ಒಂದು ಅಡಿಬರಹ. ಕಥೆ ಇಲ್ಲವೇ ಇಲ್ಲ. ಅದನ್ನು ನೋಡಿದವರು ತಾವೇ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳುತ್ತಲೂ ಇದ್ದಾರೆ, ಇಷ್ಟು ವರ್ಷದಿಂದ.

ಇನ್ನು ಪುಟ ತಿರುವುವುದು. ನನ್ನ ಪ್ರಕಾರ ಚಿತ್ರಪುಸ್ತಕದ ನಿಜವಾದ ಮಾಟ ಇರುವುದು ಇಲ್ಲಿ. ಇದರ ಬಗ್ಗೆ ಜನ ಮಾತಾಡುವುದು ಮಾತ್ರ ಬಹಳ ಕಡಿಮೆ.

ನಿಮ್ಮ ಮನೆಯ ಚಿತ್ರಪುಸ್ತಕಗಳ ಪುಟ ಎಣಿಸಿ ನೋಡಿ. ಬಹಳಷ್ಟು 32 ಪುಟದವೇ ಇರುತ್ತವೆ. ಇದಕ್ಕೆ ಕಾರಣ ಅಚ್ಚಿನ ಯಂತ್ರ. ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಹಲವು ಪುಟ ಒಟ್ಟಿಗೆ ಮುದ್ರಿಸಿ, ಮಡಿಸಿ, ಕತ್ತರಿಸುತ್ತಾರೆ. ಮಡಿಸಿದಂತೆಲ್ಲ ಪುಟ ದುಪ್ಪಟ್ಟಾಗುತ್ತದೆ, 8, 16, 32. ತಲೆಬರಹದ ಪುಟ, ಹಕ್ಕುಗಳ ಪುಟ ಇವನ್ನೆಲ್ಲ ಕಳೆದರೆ ಕಥೆಗೆ ಉಳಿಯುವುದು 12ರಿಂದ 14 ಜೋಡಿಪುಟ. ಅಂದರೆ ಕಥೆಗಾರರಿಗೆ ಸಿಗುವುದು ಒಂದು ಡಜನ್ ಚಿಲ್ಲರೆ ತಿರುವು. ಒಂದೊಂದು ತಿರುವೂ ಒಂದು ಬಾಗಿಲು ಇದ್ದ ಹಾಗೆ. ಬಾಗಿಲಾಚೆ ಏನಿದೆ ಎಂದು ಮಗು ಊಹಿಸಬೇಕು. ಊಹೆ ಸ್ವಲ್ಪ ನಿಜವಾಗಬೇಕು, ಸ್ವಲ್ಪ ಸುಳ್ಳಾಗಬೇಕು. ನಾವು ಸಂಪಾದಕರು ಕಥೆ ಕೈಗೆ ಬಂದ ತಕ್ಷಣ ಕಾಗದ ಮಡಿಸಿ ಒಂದು ಡಮ್ಮಿ, ಅಂದರೆ ಮಾದರಿ ಪುಸ್ತಕ, ಮಾಡುವುದು ಇದಕ್ಕೇ. ಕಥೆ ಚೆನ್ನಾಗಿದ್ದೂ ತಿರುವು ಚೆನ್ನಾಗಿಲ್ಲದಿದ್ದರೆ ಅದು ಚಿತ್ರಪುಸ್ತಕ ಆಗುವುದಿಲ್ಲ. ಬೇರೆ ಏನಾದರೂ ಆಗಬಹುದು.

ತಿರುವನ್ನು ಬಳಸಿಕೊಳ್ಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮಾರಿಸ್ ಸೆಂಡಾಕ್ ಅವರ 1963ರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ತೋರಿಸುತ್ತೇನೆ. ತುಂಟಾಟ ಮಾಡಿದ ಹುಡುಗನನ್ನು ಕೋಣೆಗೆ ಕಳಿಸುತ್ತಾರೆ. ಕೋಣೆಯಲ್ಲಿ ಕಾಡು ಬೆಳೆಯುತ್ತದೆ. ಶುರುವಿನಲ್ಲಿ ಚಿತ್ರ ಪುಟ್ಟದು, ಸುತ್ತ ಅಗಲವಾದ ಬಿಳಿ ಅಂಚು. ಒಂದೊಂದು ಪುಟ ತಿರುವಿದಂತೆ ಚಿತ್ರ ಹಿಗ್ಗುತ್ತದೆ, ಅಂಚು ಕರಗುತ್ತದೆ. ಆಮೇಲೆ ಚಿತ್ರ ಎದುರಿನ ಪುಟಕ್ಕೂ ಚಾಚುತ್ತದೆ. ರಾಕ್ಷಸರ ಕುಣಿತ ಬರುವ ಹೊತ್ತಿಗೆ ಮೂರು ಜೋಡಿಪುಟ ಪೂರ್ತಿ ಚಿತ್ರ. ಒಂದು ಅಕ್ಷರವೂ ಇಲ್ಲ, ಬಿಳಿ ಅಂಚೂ ಇಲ್ಲ. ಹುಡುಗನಿಗೆ ಮನೆಯ ನೆನಪಾದ ಮೇಲೆ ಅಕ್ಷರಗಳು ವಾಪಸು ಬರುತ್ತವೆ. ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲ. ಅವನಿಗಾಗಿ ಇಟ್ಟ ಊಟ ಇನ್ನೂ ಬಿಸಿಯಾಗಿದೆ ಎಂಬ ಮಾತು ಮಾತ್ರ ಖಾಲಿ ಪುಟದಲ್ಲಿ ಇದೆ.

ಮಕ್ಕಳು ಈ ಅಂಚಿನ ಲೆಕ್ಕವನ್ನು ಯಾರೂ ಹೇಳಿಕೊಡದೆ ಹಿಡಿಯುತ್ತಾರೆ. ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಅಷ್ಟೇ. ಮೈ ಹಿಡಿಯುತ್ತದೆ. ಕುಣಿತದ ಪುಟ ಬಂದಾಗ ಮಗು ಎದ್ದು ಕೂರುವುದನ್ನು ನೋಡಿದ್ದೇನೆ. ದೊಡ್ಡವರಿಗೂ ಅದು ಕೆಲಸ ಮಾಡುತ್ತದೆ. ಆದರೆ ನಾವು ಅದನ್ನು 'ಕಥೆ ಚೆನ್ನಾಗಿದೆ' ಎಂದು ಹೇಳಿ ಮುಗಿಸುತ್ತೇವೆ.

ಪುಸ್ತಕದ ಮೈಯನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಈ ಕೆಲಸಕ್ಕೆ ಬಂದ ಹೊಸತು. ಕಲಾವಿದರು ಜೋಡಿಪುಟದ ನಟ್ಟನಡುವೆ ದೊಡ್ಡ ಚಂದ್ರನನ್ನು ಬರೆದಿದ್ದರು. ಕಣ್ಣು, ಮೂಗು, ಬಾಯಿ ಎಲ್ಲ ಇದ್ದ ಚಂದ್ರ. ಮೇಜಿನ ಮೇಲೆ ಹರಡಿದಾಗ ಎಷ್ಟು ಚೆಂದ ಕಂಡಿತೆಂದರೆ ನಾನು ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟೆ. ಬೈಂಡಿಂಗ್ ಆಗಿ ಬಂತು. ಚಂದ್ರನ ಮೂಗು ಪೂರ್ತಿ ಹೊಲಿಗೆಯೊಳಗೆ ಹೋಗಿತ್ತು. ಕಣ್ಣೆರಡೂ ಅಂಟಿಕೊಂಡಿದ್ದವು. ಮಕ್ಕಳು ಆ ಪುಸ್ತಕವನ್ನು ಹೆಸರಿನಿಂದ ಕೇಳಲೇ ಇಲ್ಲ, 'ಮೂಗಿಲ್ಲದ ಚಂದ್ರನ ಪುಸ್ತಕ' ಅಂತಲೇ ಕೇಳಿದರು. ಅವರಿಗೆ ಅದು ಬಹಳ ಇಷ್ಟವಾಯಿತು ಎನ್ನುವುದು ನನ್ನ ಅದೃಷ್ಟ.

ಈಗ ಮಾಯೆಯ ವಿಷಯ. ಮಾಂತ್ರಿಕ ಚಿತ್ರಪುಸ್ತಕ ಅಂದಕೂಡಲೇ ಜನರ ತಲೆಗೆ ಬರುವುದು ರೆಕ್ಕೆಯ ಕಿನ್ನರಿ, ಹಾರುವ ಕುದುರೆ, ಮಿನುಗುವ ನಕ್ಷತ್ರ. ಅಂಗಡಿಯ ಕಪಾಟಿನಲ್ಲಿ ಇಂಥವು ರಾಶಿ ಇರುತ್ತವೆ. ಹೆಚ್ಚಿನವು ಒಂದು ವಾರಕ್ಕೆ ಮೂಲೆ ಸೇರುತ್ತವೆ. ನನಗೆ ಇದು ಮೊದಮೊದಲು ಒಗಟಾಗಿತ್ತು. ಬಣ್ಣ ಇದೆ, ಮಾಯೆ ಇದೆ, ಹೊಳಪೂ ಇದೆ. ಮತ್ತೆ ಮಗು ಯಾಕೆ ವಾಪಸು ಬರುವುದಿಲ್ಲ?

ಇಂಗ್ಲೆಂಡಿನ ಲೇಖಕಿ, ಚಿತ್ರಕಾರ್ತಿ ಬಿಯಾಟ್ರಿಕ್ಸ್ ಪಾಟರ್ ಅವರ ಕಥೆಯ ಮೊಲವನ್ನು ನೋಡಿದರೆ ಉತ್ತರ ಸಿಗುತ್ತದೆ. ಅದು ನೀಲಿ ಕೋಟು ಹಾಕಿದೆ, ಎರಡು ಕಾಲಿನ ಮೇಲೆ ನಡೆಯುತ್ತದೆ. ಆದರೆ ಕಿವಿ, ಬೆನ್ನಿನ ಬಾಗು, ಹಿಂಗಾಲಿನ ಎಲುಬು ಎಲ್ಲ ನಿಜವಾದ ಮೊಲದ್ದೇ. ಪಾಟರ್ ಚಿಕ್ಕಂದಿನಿಂದ ಪ್ರಾಣಿಗಳನ್ನು ಸಾಕಿ, ಎದುರಿಗೆ ಇಟ್ಟುಕೊಂಡು ಬರೆದವರು. ಅಣಬೆಗಳ ಚಿತ್ರಗಳನ್ನೇ ನೂರಾರು ಬರೆದಿದ್ದರು, ಅದೂ ವಿಜ್ಞಾನದ ಪುಸ್ತಕಕ್ಕೆ ಹಾಕುವಷ್ಟು ಕರಾರುವಾಕ್ಕಾಗಿ. ಅಂಥ ಕೈ ಮೊಲಕ್ಕೆ ಕೋಟು ತೊಡಿಸಿದಾಗ ನಾವು ನಂಬುತ್ತೇವೆ. ಆ ಮೊಲದ ಪುಸ್ತಕವನ್ನು ಪ್ರಕಾಶಕರು ಒಲ್ಲೆ ಎಂದಾಗ 1901ರಲ್ಲಿ ಅವರು ತಾವೇ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಅದು ಬಣ್ಣದಲ್ಲಿ ಬಂತು. ಪುಸ್ತಕ ಪುಟ್ಟ ಕೈಗೆ ಹಿಡಿಯುವಷ್ಟು ಪುಟ್ಟದಾಗಿರಬೇಕು ಎಂಬುದು ಅವರ ಹಟವಾಗಿತ್ತು. ಆ ಹಟವೂ ಮೋಡಿಯ ಒಂದು ಭಾಗವೇ.

ಇಂಗ್ಲೆಂಡಿನ ಚಿತ್ರಕಾರ ಆರ್ಥರ್ ರ‍್ಯಾಕಮ್ ಅವರು ಬರೆದ ಕಾಡುಗಳೂ ಹೀಗೆಯೇ. ಕಿನ್ನರಿಯರು ಅಲ್ಲಿ ಎಲ್ಲೋ ಮೂಲೆಯಲ್ಲಿ ಇರುತ್ತಾರೆ. ಕಣ್ಣು ಹೋಗುವುದು ಮರಕ್ಕೆ. ತೊಗಟೆಯ ಸುಕ್ಕು, ಬೇರಿನ ಗಂಟು, ಎಲೆ ಉದುರಿದ ಕೊಂಬೆ ಎಲ್ಲ ನೋಡಿ ಬರೆದದ್ದು. ಆ ಬೇರು ಇನ್ನೊಂದು ಚೂರು ತಿರುಚಿದರೆ ಬೆರಳಾಗುತ್ತದೆ ಎನ್ನುವಲ್ಲಿ ಅವರು ನಿಲ್ಲಿಸುತ್ತಾರೆ. ಮರವೋ, ಮುದುಕನೋ? ಒಂದು ಕ್ಷಣ ಗೊತ್ತಾಗುವುದಿಲ್ಲ. ಆ ಒಂದು ಕ್ಷಣವೇ ಮಾಯೆ. ನೂರಕ್ಕೆ ತೊಂಬತ್ತು ಪಾಲು ನಾವು ಬಲ್ಲ ಲೋಕ ಇರಬೇಕು, ಹತ್ತು ಪಾಲು ಜಾರಬೇಕು. ಎಲ್ಲವೂ ಮಾಯೆಯೇ ಆದರೆ ಜಾರಲು ನೆಲವೇ ಇರುವುದಿಲ್ಲ. ಕಪಾಟಿನ ಆ ಹಾರುವ ಕುದುರೆಗಳ ತೊಂದರೆ ಇದೇ ಎಂದು ನನ್ನ ಅನಿಸಿಕೆ.

ನಿಮ್ಮ ಕರಡಿಯೂ ಬಹುಶಃ ಇದೇ ಜಾತಿಯದ್ದು. ಕರಡಿ ಕೈಯಲ್ಲಿ ಲಾಂದ್ರ ಇದೆ, ಅದೊಂದೇ ಸುಳ್ಳು. ಹಿಮ, ಮರ, ಕತ್ತಲು ಎಲ್ಲ ನಿಜ. ಬೆಳಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕತ್ತಲ ಪುಟದಲ್ಲಿ ಒಂದೇ ಕಡೆಯಿಂದ ಬೆಳಕು ಬಂದರೆ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ಆಮೇಲೆ ನಿಧಾನವಾಗಿ ಕತ್ತಲೊಳಗೆ ಹುಡುಕಲು ಶುರುಮಾಡುತ್ತದೆ. ನಿಮ್ಮ ಇಲಿ ಲಾಂದ್ರದ ಬೆಳಕಿನ ಅಂಚಿನಲ್ಲೋ, ಅದರಾಚೆಯ ನೆರಳಲ್ಲೋ ಇರುತ್ತದೆ ಎಂದು ನಾನು ಪಂದ್ಯ ಕಟ್ಟಬಲ್ಲೆ. ಚಿತ್ರಕಾರರು ಅಡಗಿಸುವುದೇ ಅಲ್ಲಿ.

ಬೆಳಕನ್ನು ಇನ್ನೂ ಮೆತ್ತಗೆ ಬಳಸಿದ್ದು 1947ರ 'ಗುಡ್‌ನೈಟ್ ಮೂನ್'. ಚಿತ್ರ ಕ್ಲೆಮೆಂಟ್ ಹರ್ಡ್ ಅವರದ್ದು. ಒಂದೇ ಹಸಿರು ಕೋಣೆ ಮತ್ತೆ ಮತ್ತೆ ಬರುತ್ತದೆ. ಒಂದೊಂದು ಸಲವೂ ಕೋಣೆ ಒಂಚೂರು ಕತ್ತಲಾಗಿರುತ್ತದೆ. ಗಡಿಯಾರದ ಮುಳ್ಳು ಏಳು ಗಂಟೆಯಿಂದ ಎಂಟು ಹತ್ತರವರೆಗೆ ಸರಿಯುತ್ತದೆ. ಅಲ್ಲಿಯೂ ಒಂದು ಇಲಿ ಇದೆ! ಕೋಣೆಯ ಬಣ್ಣದ ಪುಟ ಬಂದಾಗಲೆಲ್ಲ ಅದು ಜಾಗ ಬದಲಿಸಿರುತ್ತದೆ. ಓದುವವರು ಚಂದ್ರನಿಗೆ ಶುಭರಾತ್ರಿ ಹೇಳುತ್ತಿರುವಾಗ ಕೇಳುವವರು ಇಲಿ ಹುಡುಕುತ್ತಿರುತ್ತಾರೆ. ನಿಮ್ಮ ಪುಸ್ತಕದ ಕಲಾವಿದರೂ ಅದರ ಮುಂದೆ ಮಕ್ಕಳಾಗಿ ಕೂತಿದ್ದರೋ ಏನೋ.

ಅಂದವಾದ ಮುದ್ರಣದ ಬಗ್ಗೆಯೂ ಒಂದು ಮಾತು. ಇಲ್ಲಿ ನಾನು ಸ್ವಲ್ಪ ಹಳೇ ಕಾಲದವಳು. ಕಾಗದ ಮುಖ್ಯ ಎನ್ನುವ ಪಂಗಡ. 1865ರಲ್ಲಿ ಆಲಿಸ್‌ಳ ಅದ್ಭುತಲೋಕದ ಕಥೆ ಮೊದಲು ಅಚ್ಚಾದಾಗ ಚಿತ್ರಕಾರ ಜಾನ್ ಟೆನಿಯಲ್, ಚಿತ್ರಗಳು ಸರಿಯಾಗಿ ಮೂಡಿಲ್ಲ ಎಂದು ತಕರಾರು ಎತ್ತಿದ. ಲೇಖಕರು ಆ ಮುದ್ರಣವನ್ನೇ ವಾಪಸು ತೆಗೆದುಕೊಂಡು ಮತ್ತೆ ಅಚ್ಚು ಹಾಕಿಸಿದರು. ಹುಚ್ಚು ಎನಿಸಬಹುದು. ಆದರೆ ಗೆರೆ ಮಸುಕಾದರೆ ಮುಖದ ಭಾವವೇ ಬದಲಾಗುತ್ತದೆ ಎಂದು ಚಿತ್ರ ಬರೆಯುವವರಿಗೆ ಗೊತ್ತು. ಪುಸ್ತಕ ಒಂದು ವಸ್ತು ಎನ್ನುವುದನ್ನೇ ಆಟವಾಗಿ ಮಾಡಿದವರೂ ಇದ್ದಾರೆ. ಫಿನ್‌ಲೆಂಡಿನ ಟೂವೆ ಯಾನ್ಸನ್ 1952ರ ತಮ್ಮ ಚಿತ್ರಪುಸ್ತಕದ ಪುಟಗಳಲ್ಲಿ ತೂತು ಕೊರೆಸಿದರು. ತೂತಿನಿಂದ ಮುಂದಿನ ಪುಟದ ಒಂದು ಚೂರು ಕಾಣುತ್ತದೆ. ಅದು ಸೂರ್ಯನೋ, ಬೇರೆ ಏನೋ, ತಿರುವಿದ ಮೇಲೆಯೇ ಗೊತ್ತು. ತಿರುವಿದ ಮೇಲೆ ಅದೇ ತೂತಿನಿಂದ ಬಿಟ್ಟು ಬಂದ ಪುಟ ಕಾಣುತ್ತದೆ. 1969ರಲ್ಲಿ ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳು ಪುಟಗಳನ್ನು ತಿಂದು ತೂತು ಮಾಡಿತು. ಮಗು ಆ ತೂತಿಗೆ ಬೆರಳು ತೂರಿಸುತ್ತದೆ. ತೆರೆಯ ಮೇಲೆ ಚಿತ್ರ ದೊಡ್ಡದು ಮಾಡಿ ನೋಡಬಹುದು, ನಿಜ. ಬೆರಳು ತೂರಿಸಲು ಆಗುವುದಿಲ್ಲ.

ನೂರು ಸಲ ಓದಿದ್ದು ಜಾಸ್ತಿಯಾಯಿತೇ ಎಂಬ ಆತಂಕ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೆ ಇದ್ದಂತೆ ಅನಿಸಿತು. ಬೇಡ. 2011ರಲ್ಲಿ ಇಂಗ್ಲೆಂಡಿನಲ್ಲಿ ಮೂರು ವರ್ಷದ ಮಕ್ಕಳ ಎರಡು ಗುಂಪು ಮಾಡಿ ಕಥೆ ಓದಿದರು. ಒಂದು ಗುಂಪಿಗೆ ಒಂದೇ ಕಥೆ ಮತ್ತೆ ಮತ್ತೆ, ಇನ್ನೊಂದಕ್ಕೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡಕ್ಕೂ ಅಷ್ಟೇ ಸಲ ಕಿವಿಗೆ ಬಿದ್ದವು. ಒಂದೇ ಕಥೆ ಕೇಳಿದ ಮಕ್ಕಳಿಗೇ ಪದಗಳು ಚೆನ್ನಾಗಿ ಉಳಿದವು. ಕಥೆ ಗೊತ್ತಿದ್ದಾಗ ಅದರ ಮೇಲೆ ಗಮನ ಖರ್ಚಾಗುವುದಿಲ್ಲ, ಉಳಿದದ್ದರ ಕಡೆ ಹೋಗುತ್ತದೆ. ಇಲಿ ಕಾಣುವುದೂ ಹಾಗೆಯೇ, ಐವತ್ತನೇ ಸಲಕ್ಕೋ ಎಪ್ಪತ್ತನೇ ಸಲಕ್ಕೋ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಕಾಳಜಿ ತಪ್ಪಲ್ಲ. ಮಗು ಅಕ್ಷರಕ್ಕೆ ಒಗ್ಗಬೇಕು, ಒಗ್ಗುತ್ತದೆ. ಅಕ್ಷರ ಜಾಸ್ತಿ ಇರುವ ಪುಸ್ತಕಗಳನ್ನೂ ಕೊಡಿ. ಆದರೆ ಅದಕ್ಕಾಗಿ ಚಿತ್ರಪುಸ್ತಕವನ್ನು ಕಿತ್ತುಕೊಳ್ಳಬೇಡಿ. ಚಿತ್ರಪುಸ್ತಕದ ಭಾಷೆ ಸುಲಭ ಎನ್ನುವುದು ಒಂದು ತಪ್ಪು ತಿಳುವಳಿಕೆ. ಮಕ್ಕಳು ತಾವೇ ಓದಲೆಂದು ಬರೆದ ಕಲಿಕೆಯ ಪುಸ್ತಕದಲ್ಲಿ ಪದಗಳನ್ನು ಎಣಿಸಿ ಇಡುತ್ತಾರೆ. ಚಿತ್ರಪುಸ್ತಕವನ್ನು ದೊಡ್ಡವರು ಓದಿ ಹೇಳಲಿ ಎಂದು ಬರೆದಿರುತ್ತಾರೆ, ಹಾಗಾಗಿ ಪದಕ್ಕೆ ಅಂಜಿಕೆ ಇಲ್ಲ. 2015ರಲ್ಲಿ 100 ಇಂಗ್ಲಿಷ್ ಚಿತ್ರಪುಸ್ತಕಗಳ ಪದಗಳನ್ನು, ದೊಡ್ಡವರು ಮಕ್ಕಳ ಜೊತೆ ಆಡುವ ದಿನನಿತ್ಯದ ಮಾತಿನ ಜೊತೆ ಹೋಲಿಸಿ ನೋಡಿದರು. ಪದಗಳ ವೈವಿಧ್ಯ ಪುಸ್ತಕಗಳಲ್ಲೇ ಜಾಸ್ತಿ ಇತ್ತು. ಅತ್ತೆಯವರಿಗೆ ಇದನ್ನು ವಾದಕ್ಕೆ ಇಳಿದು ಹೇಳಬೇಡಿ. ಒಂದು ರಾತ್ರಿ ಅವರ ಕೈಗೆ ಕರಡಿಯ ಪುಸ್ತಕ ಕೊಟ್ಟು ಮೊಮ್ಮಗಳ ಪಕ್ಕ ಕೂರಿಸಿ. ಇಲಿಯ ಸುದ್ದಿ ಎತ್ತಬೇಡಿ.

ಎಷ್ಟು ದಿನ ಕೊಡಬಹುದು ಅಂದಿರಿ. ನನಗೆ ಇದಕ್ಕೆ ವಯಸ್ಸಿನ ಗೆರೆ ಎಳೆಯಲು ಇಷ್ಟವಿಲ್ಲ. ಶಾನ್ ಟ್ಯಾನ್ ಅವರ 2006ರ 'ದಿ ಅರೈವಲ್' ನೂರಕ್ಕೂ ಹೆಚ್ಚು ಪುಟದ, ಮಾತೇ ಇಲ್ಲದ ಪುಸ್ತಕ. ಊರು ಬಿಟ್ಟು ಗುರುತಿಲ್ಲದ ದೇಶಕ್ಕೆ ಹೋದವನ ಕಥೆ. ಅಲ್ಲಿನ ಅಕ್ಷರ ಅವನಿಗೂ ಓದಲು ಬರುವುದಿಲ್ಲ, ನಮಗೂ ಬರುವುದಿಲ್ಲ. ಅದನ್ನು ಆರು ವರ್ಷದವಳಿಗಿಂತ ಹದಿನಾರರವಳು ಚೆನ್ನಾಗಿ ನೋಡುತ್ತಾಳೆ, ಅವಳಿಗಿಂತ ನೀವು ಇನ್ನೂ ಚೆನ್ನಾಗಿ ನೋಡಬಹುದು.

ಹೊಸ ಪುಸ್ತಕ ಆರಿಸುವಾಗ ನಾನು ಮಾಡುವ ಒಂದು ಕೆಲಸ ಹೇಳುತ್ತೇನೆ. ಮುಖಪುಟದ ಮಿನುಗು ನೋಡಬೇಡಿ. ಮಧ್ಯದ ಒಂದು ಜೋಡಿಪುಟ ತೆರೆದು ಅಕ್ಷರದ ಮೇಲೆ ಅಂಗೈ ಇಡಿ. ಚಿತ್ರ ಮಾತ್ರ ನೋಡಿ. ಆಮೇಲೆ ಅಂಗೈ ತೆಗೆದು ಓದಿ. ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದ್ದರೆ, 'ಹುಡುಗಿ ಕೆಂಪು ಚೆಂಡು ಎಸೆದಳು' ಎಂಬುದರ ಪಕ್ಕ ಹುಡುಗಿ ಕೆಂಪು ಚೆಂಡು ಎಸೆಯುತ್ತಿದ್ದರೆ, ಪುಸ್ತಕವನ್ನು ವಾಪಸು ಇಡಿ. ಎಷ್ಟೇ ಚೆಂದದ ಬಣ್ಣ ಇರಲಿ. ಚೆಂಡು ಹೋಗುವ ಕಡೆ ಒಂದು ಕಿಟಕಿ ಇದ್ದರೆ, ಕಿಟಕಿಯಲ್ಲಿ ಒಂದು ಬೆಕ್ಕು ಮಲಗಿದ್ದರೆ, ಮನೆಗೆ ತನ್ನಿ. ಮುಖರಟ್ಟು ತೆರೆದ ಕೂಡಲೇ ಸಿಗುವ ಮೊದಲ ಹಾಳೆಯನ್ನೂ ನೋಡಿ. ಅದಕ್ಕೆ ಅಂಟಿದ ಒಳಬದಿಯನ್ನೂ ನೋಡಿ. ಸೋಮಾರಿ ಪುಸ್ತಕಗಳಲ್ಲಿ ಅಲ್ಲಿ ಸುಮ್ನೆ ಒಂದು ಬಣ್ಣ ಬಳಿದಿರುತ್ತಾರೆ. ಕೆಲವು ಕಲಾವಿದರು ಕಥೆಯನ್ನು ಅಲ್ಲಿಂದಲೇ ಶುರುಮಾಡಿ, ಹಿಂಬದಿಯ ರಟ್ಟಿನ ಒಳಗೆ ಮುಗಿಸುತ್ತಾರೆ. ನಿಮ್ಮ ಇಲಿ ಹಿಡಿದ ಬೀಗದ ಕೈ ಯಾವ ಬಾಗಿಲಿನದು ಎಂಬುದು ಇನ್ನೂ ಗೊತ್ತಾಗದಿದ್ದರೆ ಒಮ್ಮೆ ಅಲ್ಲಿ ಹುಡುಕಿ.

ಮಗಳಿಗೆ ಈಗ ಓದಲು ಬರುತ್ತದಲ್ಲ. ಹಾಗಾದರೆ ಇವತ್ತು ರಾತ್ರಿ ಕೆಲಸ ಅದಲುಬದಲು ಮಾಡಿಕೊಳ್ಳಿ. ಅವಳು ಗಟ್ಟಿಯಾಗಿ ಓದಲಿ, ನೀವು ಒರಗಿ ಕೂತು ನೋಡಿ. ಅಕ್ಷರ ಕೂಡಿಸಿ ಓದುವ ಗಡಿಬಿಡಿಯಲ್ಲಿ ಅವಳಿಗೆ ಕಾಣದ ಏನೋ ಒಂದು ನಿಮಗೆ ಕಾಣಬಹುದು. ಕಂಡರೆ ತಕ್ಷಣ ಹೇಳಬೇಡಿ. ಮುಂದಿನ ಪುಟ ತಿರುವಲಿ.